ಎರಡು ಸೋಲಿನ ಚಾಂಪಿಯನ್

2024ರ ನವೆಂಬರ್ 30ರಂದು ಅಮೆರಿಕದ ಕೊಲಂಬಸ್ ನಗರದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಲಕ್ಷಕ್ಕೂ ಹೆಚ್ಚು ತವರು ಪ್ರೇಕ್ಷಕರ ಮುಂದೆ ಮಿಷಿಗನ್ ತಂಡಕ್ಕೆ 13–10ರಿಂದ ಸೋತಿತು. ಆ ಋತುವಿನಲ್ಲಿ ಅದು ತಂಡದ ಎರಡನೇ ಸೋಲು. ಕೋಚ್ ರಯಾನ್ ಡೇ ಅವರನ್ನು ತೆಗೆದುಹಾಕಿ ಎಂಬ ಕೂಗು ಅದೇ ಸಂಜೆ ಎದ್ದಿತು. 2025ರ ಜನವರಿ 20ರಂದು ಅದೇ ಕೋಚ್, ಅದೇ ಆಟಗಾರರು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34–23ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಅಮೆರಿಕದ ಕಾಲೇಜು ಫುಟ್‌ಬಾಲಿನ ಹಳೆಯ ಕಟ್ಟಳೆ ಇದ್ದಿದ್ದರೆ ಈ ಎರಡನೆಯ ದಿನ ಬರುತ್ತಲೇ ಇರಲಿಲ್ಲ. ಹೀಗೆ ಬಂದದ್ದು ಸರಿಯೇ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಸರಿ ಎಂಬುದು ನನ್ನ ವಾದ. ಒಂದು ತಂಡದ ಋತುವನ್ನು ಅಳೆಯಬೇಕಾದರೆ ಅದು ಎಷ್ಟು ಬಾರಿ ಸೋತಿತು ಎಂದು ಎಣಿಸಿದರೆ ಸಾಲದು, ಸೋತ ಮೇಲೆ ಏನು ಮಾಡಿತು ಎಂದೂ ನೋಡಬೇಕು. ಹಾಗೆ ನೋಡಲು ಅವಕಾಶ ಕೊಡುವ ವ್ಯವಸ್ಥೆಯೇ ನಿಜವಾದ ಚಾಂಪಿಯನ್ ಯಾರೆಂದು ಹೇಳಬಲ್ಲದು.

ಈ ಆಟ ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಬಂದವರನ್ನು ಮೈಯಿಂದಲೇ ತಡೆಯುವ ಆಟ. ಮೈದಾನದಲ್ಲಿ ಒಂದೊಂದು ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಕೊನೆಯ ಗೆರೆಯ ಆಚೆ ಒಯ್ದರೆ ಟಚ್‌ಡೌನ್, ಅದಕ್ಕೆ 6 ಅಂಕ. ಕಂಬಗಳ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲಿಗೆ 3 ಅಂಕ. ಯತ್ನ ಹೇಗಿರಬೇಕೆಂದು ಯೋಜಿಸುವುದು ಕೋಚ್‌ಗಳು, ಅದನ್ನು ಮೈದಾನದಲ್ಲಿ ನಡೆಸುವವನು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್. ಆಡುವವರು ವಿದ್ಯಾರ್ಥಿಗಳು ಎಂದ ಮಾತ್ರಕ್ಕೆ ನಮ್ಮ ಅಂತರ ಕಾಲೇಜು ಪಂದ್ಯಾವಳಿಯನ್ನು ಕಲ್ಪಿಸಿಕೊಳ್ಳಬಾರದು. ಒಹಾಯೊ ಸ್ಟೇಟ್‌ನ ಕುದುರೆಲಾಳದ ಆಕಾರದ ಕ್ರೀಡಾಂಗಣ 1922ರದ್ದು. ಅದರಲ್ಲಿ 1,02,780 ಜನ ಕೂರಬಹುದು. ಊರಿನವರು, ಹಳೆಯ ವಿದ್ಯಾರ್ಥಿಗಳು, ಆ ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಎಲ್ಲರೂ ಅಲ್ಲಿ ಸೇರುತ್ತಾರೆ. ಇಂಥ ವಿಶ್ವವಿದ್ಯಾಲಯಗಳು ಅಗ್ರ ವಿಭಾಗದಲ್ಲೇ 130ಕ್ಕೂ ಹೆಚ್ಚಿವೆ. ಒಂದೊಂದು ತಂಡ ಋತುವಿಗೆ 12 ನಿಯಮಿತ ಪಂದ್ಯಗಳನ್ನಷ್ಟೇ ಆಡುತ್ತದೆ, ಅವುಗಳಲ್ಲಿ ಹೆಚ್ಚಿನವು ತನ್ನದೇ ಒಕ್ಕೂಟದ ತಂಡಗಳ ಎದುರು. ಹಾಗಾಗಿ ದೇಶದ ಎರಡು ಮೂಲೆಗಳ ಎರಡು ಒಳ್ಳೆಯ ತಂಡಗಳು ಪರಸ್ಪರ ಎದುರಾಗದೆಯೇ ಋತು ಮುಗಿಯುವುದು ಸಾಮಾನ್ಯ.

ಎಲ್ಲ ತೊಡಕೂ ಇಲ್ಲಿಂದಲೇ ಹುಟ್ಟಿದ್ದು. ಎದುರಾಗದ ತಂಡಗಳ ನಡುವೆ ಯಾರು ಮೇಲು ಎಂದು ಹೇಳುವವರಾರು? 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತ ಪಡೆದು ತಂಡಗಳಿಗೆ ಶ್ರೇಯಾಂಕ ಕೊಡುತ್ತಾ ಬಂತು. ಕೋಚ್‌ಗಳ ಮತದಾನ ಬೇರೆಯೇ ಇತ್ತು. ಎರಡೂ ಮತದಾನಗಳು ಒಂದೇ ತಂಡವನ್ನು ಆರಿಸಬೇಕೆಂಬ ನಿಯಮವೇನೂ ಇರಲಿಲ್ಲ. 1997ರ ಋತುವಿನಲ್ಲಿ ಪತ್ರಕರ್ತರು ಮಿಷಿಗನ್ ಚಾಂಪಿಯನ್ ಎಂದರು, ಕೋಚ್‌ಗಳು ನೆಬ್ರಾಸ್ಕಾ ಎಂದರು. ಎರಡೂ ಅಜೇಯ ತಂಡಗಳು, ಒಂದನ್ನೊಂದು ಎದುರಿಸಿರಲಿಲ್ಲ. ಮರುವರ್ಷದಿಂದ ಮತದಾನಕ್ಕೆ ಕಂಪ್ಯೂಟರ್ ಲೆಕ್ಕವನ್ನೂ ಸೇರಿಸಿ ಎರಡು ತಂಡಗಳನ್ನು ಆರಿಸಿ ಫೈನಲ್ ಆಡಿಸಿದರು. 2014ರಿಂದ ಸಮಿತಿಯೊಂದು ನಾಲ್ಕು ತಂಡಗಳನ್ನು ಆರಿಸತೊಡಗಿತು. ನಾಲ್ಕೇ ಸ್ಥಾನಗಳಿದ್ದ ಆ 10 ವರ್ಷಗಳಲ್ಲಿ ಎರಡು ಸೋಲುಂಡ ಒಂದು ತಂಡಕ್ಕೂ ಪ್ರವೇಶ ಸಿಗಲಿಲ್ಲ. ಸೋಲದಿದ್ದರೆ ಪ್ರವೇಶ ಖಚಿತ ಎಂಬ ಭರವಸೆಯೂ ಇರಲಿಲ್ಲ. 2023ರಲ್ಲಿ ಫ್ಲೋರಿಡಾ ಸ್ಟೇಟ್ ಆಡಿದ 13 ಪಂದ್ಯಗಳನ್ನೂ ಗೆದ್ದು ಒಕ್ಕೂಟದ ಚಾಂಪಿಯನ್ ಆಗಿತ್ತು. ಅದರ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದರಿಂದ ತಂಡ ಮೊದಲಿನಷ್ಟು ಬಲವಾಗಿಲ್ಲ ಎಂದು ಭಾವಿಸಿದ ಸಮಿತಿ ಅದನ್ನು ಐದನೆಯ ಸ್ಥಾನಕ್ಕೆ ತಳ್ಳಿತು. ಆಡಿ ಗೆದ್ದದ್ದಕ್ಕಿಂತ ಮುಂದೆ ಹೇಗೆ ಆಡಬಹುದೆಂಬ ಊಹೆಗೆ ಹೆಚ್ಚು ಬೆಲೆ ಸಿಕ್ಕಿದ ಆ ತೀರ್ಮಾನಕ್ಕಿಂತ ದೊಡ್ಡ ಅನ್ಯಾಯ ಈ ಆಟದಲ್ಲಿ ಇತ್ತೀಚೆಗೆ ನಡೆದಿಲ್ಲ. 2024ರಿಂದ, ಸೋತವರು ಹೊರಬೀಳುವ 12 ತಂಡಗಳ ಪ್ಲೇಆಫ್ ಬಂತು. ಅತಿ ಹೆಚ್ಚು ಶ್ರೇಯಾಂಕದ ಐದು ಒಕ್ಕೂಟ ಚಾಂಪಿಯನ್‌ಗಳು, ಜೊತೆಗೆ ಇನ್ನೂ ಏಳು ತಂಡಗಳು. ಮೊದಲ ನಾಲ್ಕು ಒಕ್ಕೂಟ ಚಾಂಪಿಯನ್‌ಗಳಿಗೆ ಆ ವರ್ಷ ಮೊದಲ ಸುತ್ತಿನಲ್ಲಿ ವಿರಾಮವಿತ್ತು.

ಈ ಹೊಸ ಏರ್ಪಾಟಿನ ಮೊದಲ ಪರೀಕ್ಷೆಗೆ ಒಹಾಯೊ ಸ್ಟೇಟ್ ಸಿಕ್ಕಿತು. ಋತು ಆಗಸ್ಟ್ 31ರಂದು ಶುರುವಾಯಿತು. ಆಕ್ರನ್ ಎದುರು 52–6, ವೆಸ್ಟರ್ನ್ ಮಿಷಿಗನ್ ಎದುರು 56–0, ಮಾರ್ಷಲ್ ಎದುರು 49–14. ಇವು ಲೆಕ್ಕಕ್ಕಷ್ಟೇ ಇದ್ದ ಪಂದ್ಯಗಳು. ಅಕ್ಟೋಬರ್ 12ರಂದು ಒರೆಗಾನ್ ಮೈದಾನದಲ್ಲಿ ತಂಡ 32–31ರಿಂದ ಸೋತಿತು. ಕೊನೆಯ ಕ್ಷಣಗಳಲ್ಲಿ ಒರೆಗಾನ್ 11ರ ಬದಲು 12 ಜನರನ್ನು ಮೈದಾನದಲ್ಲಿಟ್ಟು 5 ಗಜಗಳ ದಂಡ ತೆತ್ತಿತು, ಆದರೆ ಆ ಯತ್ನದಲ್ಲಿ ಕಳೆದ ಅಮೂಲ್ಯ ಸೆಕೆಂಡುಗಳು ಒಹಾಯೊ ಸ್ಟೇಟ್‌ಗೆ ಮರಳಲಿಲ್ಲ. ಈ ಉಪಾಯವನ್ನು ತಡೆಯಲು ಕೆಲವೇ ದಿನಗಳಲ್ಲಿ ನಿಯಮದ ವಿವರಣೆಯನ್ನೇ ಬದಲಾಯಿಸಬೇಕಾಯಿತು. ಅದೇ ಪಂದ್ಯದಲ್ಲಿ, ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಐದು ಜನರ ಸಾಲಿನಲ್ಲಿ ಅವನ ಬೆನ್ನು ಕಾಯುವ ಜಾಗದಲ್ಲಿದ್ದ ಜಾಶ್ ಸಿಮನ್ಸ್ ಮೊಣಕಾಲಿನ ಗಾಯದಿಂದ ಋತುವಿನಿಂದಲೇ ಹೊರಬಿದ್ದರು. ಮುಂದೆ ನವೆಂಬರಿನಲ್ಲಿ ಸಾಲಿನ ನಡುವೆ ಆಡುತ್ತಿದ್ದ ಸೆತ್ ಮೆಕ್‌ಲಾಫ್ಲಿನ್ ಕೂಡ ಹಿಮ್ಮಡಿಯ ಸ್ನಾಯುರಜ್ಜು ಹರಿದು ಹೊರಗುಳಿದರು. ಒಳಸಾಲಿನಲ್ಲಿ ಆಡುತ್ತಿದ್ದ ಡೊನೊವನ್ ಜಾಕ್ಸನ್ ಋತುವಿನ ನಡುವೆ ಅಂಚಿನ ಜಾಗಕ್ಕೆ ಹೋಗಿ ಹೊಸ ಕೆಲಸ ಕಲಿಯಬೇಕಾಯಿತು. ಪ್ರೇಕ್ಷಕರ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಆದರೆ ಈ ಆಟದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಬಹುಪಾಲು ಈ ಐದು ಜನರ ಸಾಲಿನಲ್ಲಿ. ಒಂದು ಕಂಬ ಕಳೆದುಕೊಂಡ ಆ ಸಾಲಿನ ಹಿಂದೆ ನಿಂತೇ ತಂಡ ಪೆನ್ ಸ್ಟೇಟನ್ನು 20–13ರಿಂದ, ಎರಡನೆಯ ಕಂಬವೂ ಹೋದ ಮೇಲೆ, ಅದುವರೆಗೆ ಸೋಲನ್ನೇ ಕಾಣದಿದ್ದ ಇಂಡಿಯಾನಾವನ್ನು 38–15ರಿಂದ ಸೋಲಿಸಿತು.

ಆಮೇಲೆ ಬಂದದ್ದು ಮಿಷಿಗನ್. ಈ ಎರಡು ವಿಶ್ವವಿದ್ಯಾಲಯಗಳ ಹಗೆ 1897ರಿಂದ ನಡೆದುಬಂದದ್ದು. ಒಹಾಯೊದಲ್ಲಿ ಇದನ್ನು ಕರೆಯುವುದೇ ‘ದಿ ಗೇಮ್’ ಎಂದು, ಬೇರೆ ಹೆಸರು ಬೇಕಿಲ್ಲ. 2024ರಲ್ಲಿ ಮಿಷಿಗನ್ 6 ಗೆದ್ದು 5 ಸೋತು ಬಂದಿತ್ತು. ಅದರ ಇಬ್ಬರು ಪ್ರಮುಖ ಆಟಗಾರರು ಗಾಯದಿಂದ ಹೊರಗಿದ್ದರು. ಒಹಾಯೊ ಸ್ಟೇಟ್ ಸುಮಾರು 20 ಅಂಕಗಳ ಅಂತರದಿಂದ ಗೆಲ್ಲುತ್ತದೆಂಬ ಅಂದಾಜಿತ್ತು. ಮಿಷಿಗನ್ ಚೆಂಡೆಸೆದು ಗಳಿಸಿದ್ದು ಬರೀ 62 ಗಜ. ಆದರೂ ಗೆದ್ದಿತು. ಕಾರಣ ಎದುರಾಳಿಯ ಬಲಕ್ಕಿಂತ ಹೆಚ್ಚಾಗಿ ಒಹಾಯೊ ಸ್ಟೇಟ್‌ನ ಯೋಚನೆಯಲ್ಲಿತ್ತು. ಮೂರು ವರ್ಷ ಸತತವಾಗಿ ಮಿಷಿಗನ್‌ಗೆ ಸೋತಿದ್ದ ತಂಡ, ತಾನೂ ಗಟ್ಟಿ ಎಂದು ತೋರಿಸುವ ಹಟಕ್ಕೆ ಬಿದ್ದಂತೆ, ಎದುರಾಳಿ ಅತ್ಯಂತ ಬಲವಾಗಿದ್ದ ನಡುಸಾಲಿಗೇ ಮತ್ತೆ ಮತ್ತೆ ನುಗ್ಗಿತು. 26 ಓಟಗಳಿಗೆ ಸಿಕ್ಕಿದ್ದು 77 ಗಜ. ಹೊರಗಡೆ ಜೆರೆಮಯಾ ಸ್ಮಿತ್, ಎಮೆಕಾ ಎಗ್ಬುಕಾ ಅವರಂಥ, ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ಗಳಿದ್ದರು; ಅವರತ್ತ ಚೆಂಡು ಹೋಗಬೇಕಾದಷ್ಟು ಹೋಗಲಿಲ್ಲ. ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಎಸೆದ ಎರಡು ಚೆಂಡು ಎದುರಾಳಿಯ ಕೈಸೇರಿದವು, ಎರಡು ಫೀಲ್ಡ್ ಗೋಲ್ ಯತ್ನಗಳು ತಪ್ಪಿದವು, ದ್ವಿತೀಯಾರ್ಧದಲ್ಲಿ ಒಂದು ಅಂಕವೂ ಬರಲಿಲ್ಲ. 45 ಸೆಕೆಂಡು ಉಳಿದಿದ್ದಾಗ ಮಿಷಿಗನ್ ಒದ್ದ ಫೀಲ್ಡ್ ಗೋಲ್ ಪಂದ್ಯವನ್ನು ಮುಗಿಸಿತು. ಗೆದ್ದವರು ಮೈದಾನದ ನಡುವೆ ತಮ್ಮ ಧ್ವಜ ನೆಡಲು ಹೋದರು, ಎರಡೂ ತಂಡಗಳು ಕೈಕೈ ಮಿಲಾಯಿಸಿದವು, ಪೊಲೀಸರು ಪೆಪ್ಪರ್ ಸ್ಪ್ರೇ ಬಳಸಿದರು. ಎರಡೂ ತಂಡಗಳ ಒಕ್ಕೂಟವಾದ ಬಿಗ್ ಟೆನ್ ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ 1 ಲಕ್ಷ ಡಾಲರ್ ದಂಡ ಹಾಕಿತು.

ಎರಡು ಸೋಲಿದ್ದರೂ 12 ತಂಡಗಳ ಪ್ಲೇಆಫ್‌ನಲ್ಲಿ ಒಹಾಯೊ ಸ್ಟೇಟ್‌ಗೆ ಜಾಗ ಸಿಕ್ಕಿತು. ಅದರ ಮೊದಲ ಪಂದ್ಯಕ್ಕೆ ಮೂರು ವಾರಗಳಿದ್ದವು. ಡಿಸೆಂಬರ್ 21ರಂದು ಅದೇ ಮೈದಾನಕ್ಕೆ ಟೆನೆಸಿ ಬಂದಾಗ ಆಡಿದ ಒಹಾಯೊ ಸ್ಟೇಟ್ ಬೇರೆಯೇ ತಂಡದಂತಿತ್ತು. ಪಂದ್ಯದ ಮೊದಲ ಕ್ವಾರ್ಟರ್, ಅಂದರೆ ಕಾಲುಭಾಗ, ಮುಗಿಯುವಷ್ಟರಲ್ಲಿ 21–0, ಕೊನೆಗೆ 42–17. ನಡುಸಾಲಿಗೆ ತಲೆಕೊಡುವ ಹಟ ಹೋಗಿತ್ತು. ಮೊದಲು ಚೆಂಡನ್ನು ಗಾಳಿಯಲ್ಲಿ ದೂರಕ್ಕೆ ಎಸೆದು ಎದುರಾಳಿ ಹಿಂದಕ್ಕೆ ಸರಿಯುವಂತೆ ಮಾಡುವುದು, ತೆರವಾದ ಜಾಗದಲ್ಲಿ ಆಮೇಲೆ ಓಡುವುದು, ಇದು ಹೊಸ ಕ್ರಮ. ಹೊವಾರ್ಡ್ ಎಸೆದ 29ರಲ್ಲಿ 24 ಚೆಂಡುಗಳು ಗುರಿ ಮುಟ್ಟಿದವು. ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಎದುರಾದದ್ದು ಅಕ್ಟೋಬರಿನಲ್ಲಿ ಸೋಲಿಸಿದ್ದ ಒರೆಗಾನ್. ಆಗ 13 ಪಂದ್ಯಗಳಲ್ಲಿ ಅಜೇಯ, ದೇಶದ ಮೊದಲ ಶ್ರೇಯಾಂಕ. ಎರಡನೇ ಕ್ವಾರ್ಟರ್‌ನಲ್ಲೇ ಒಹಾಯೊ ಸ್ಟೇಟ್ 34–0 ಮುಂದಿತ್ತು. 41–21ರಲ್ಲಿ ಮುಗಿದ ಆ ಪಂದ್ಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಸ್ಮಿತ್ ಒಬ್ಬರೇ 187 ಗಜ ಗಳಿಸಿದರು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರಕ್ಷಣೆಯ ಆಟ. ಅಕ್ಟೋಬರಿನಲ್ಲಿ 32 ಅಂಕ ಹೊಡೆದಿದ್ದ ಒರೆಗಾನ್‌ನ ಕ್ವಾರ್ಟರ್‌ಬ್ಯಾಕನ್ನು ಈ ಸಲ ಎಂಟು ಬಾರಿ ನೆಲಕ್ಕೆ ಕೆಡವಿದರು. ಹಾಗೆ ಕಳೆದ ಗಜಗಳನ್ನೂ ಸೇರಿಸಿದರೆ ಆ ತಂಡದ ಓಟದ ಲೆಕ್ಕ ಸೊನ್ನೆಗಿಂತ 23 ಗಜ ಕೆಳಗೆ ಹೋಯಿತು. ಒಂದೇ ಎದುರಾಳಿ, ಹೆಚ್ಚುಕಡಿಮೆ ಅದೇ ಆಟಗಾರರು, ನಡುವೆ 81 ದಿನ. ಕಲಿತವರು ಯಾರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ಜನವರಿ 10ರಂದು ಟೆಕ್ಸಸ್ ಎದುರಿನ ಸೆಮಿಫೈನಲ್ ಅಷ್ಟು ಸುಲಭವಿರಲಿಲ್ಲ. ಕೊನೆಯ ನಿಮಿಷಗಳಲ್ಲಿ 21–14 ಮುಂದಿದ್ದ ಒಹಾಯೊ ಸ್ಟೇಟ್‌ನ ಗೆರೆಗೆ ಒಂದೇ ಗಜ ದೂರದಲ್ಲಿ ಟೆಕ್ಸಸ್ ಬಂದು ನಿಂತಿತ್ತು, ಕೈಯಲ್ಲಿ ನಾಲ್ಕು ಯತ್ನಗಳಿದ್ದವು. ಒಂದು ಓಟದಲ್ಲಿ 7 ಗಜ ಹಿಂದಕ್ಕೆ ಹೋಯಿತು. ನಾಲ್ಕನೆಯ ಯತ್ನದಲ್ಲಿ ಜ್ಯಾಕ್ ಸಾಯರ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಅವರ ಕೈಯಿಂದ ಚೆಂಡನ್ನು ಬೀಳಿಸಿ, ತಾವೇ ಎತ್ತಿಕೊಂಡು 83 ಗಜ ಓಡಿ ಟಚ್‌ಡೌನ್ ಗಳಿಸಿದರು. ಸಾಯರ್ ಕೊಲಂಬಸ್ ಪಕ್ಕದ ಊರಿನವರು. ಯೂವರ್ಸ್ 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲೇ ಅವರ ಜೊತೆಗಿದ್ದವರು. ಅಂತಿಮ ಅಂಕ 28–14. ಫೈನಲ್‌ನಲ್ಲಿ ನೋಟರ್ ಡೇಮ್ ಮೊದಲ ಸರದಿಯಲ್ಲೇ 18 ಯತ್ನಗಳಲ್ಲಿ ಸುಮಾರು 10 ನಿಮಿಷ ಚೆಂಡು ಬಿಟ್ಟುಕೊಡದೆ ಟಚ್‌ಡೌನ್ ಗಳಿಸಿತು. ಮುಂದಿನ ನಾಲ್ಕು ಸರದಿಗಳಲ್ಲಿ ನಾಲ್ಕು ಟಚ್‌ಡೌನ್ ಗಳಿಸಿ ಒಹಾಯೊ ಸ್ಟೇಟ್ ಉತ್ತರ ಕೊಟ್ಟಿತು. 31–7ರ ಮುನ್ನಡೆ 31–23ಕ್ಕೆ ಇಳಿದಾಗ, ಮೂರನೇ ಯತ್ನಕ್ಕೆ ಇನ್ನೂ 11 ಗಜ ಬೇಕಿದ್ದಾಗ, ಹೊವಾರ್ಡ್ ಸ್ಮಿತ್‌ಗೆ 56 ಗಜಗಳ ಎಸೆತ ಕೊಟ್ಟರು. ನವೆಂಬರಿನಲ್ಲಿ ಇಂಥ ಘಳಿಗೆಯಲ್ಲಿ ನಡುಸಾಲಿಗೆ ಓಡುತ್ತಿದ್ದ ತಂಡ ಇದು.

ಈಗ ಲೆಕ್ಕ ನೋಡಿ. ಸಮಿತಿಯ ಕೊನೆಯ ಪಟ್ಟಿಯಲ್ಲಿ ನೋಟರ್ ಡೇಮ್ ಐದನೆಯದು, ಒಹಾಯೊ ಸ್ಟೇಟ್ ಆರನೆಯದು. ನಾಲ್ಕೇ ಸ್ಥಾನಗಳ ಹಿಂದಿನ ಪದ್ಧತಿ ಇದ್ದಿದ್ದರೆ ಫೈನಲ್ ಆಡಿದ ಎರಡೂ ತಂಡಗಳು ಮನೆಯಲ್ಲಿ ಕುಳಿತು ಟಿ.ವಿ. ನೋಡಬೇಕಿತ್ತು. ನೋಟರ್ ಡೇಮ್ ಕೂಡ ಸೆಪ್ಟೆಂಬರಿನಲ್ಲಿ ತವರಿನಲ್ಲೇ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡಕ್ಕೆ 16–14ರಿಂದ ಸೋತು ತಲೆತಗ್ಗಿಸಿತ್ತು. ಇನ್ನು, ಒಹಾಯೊ ಸ್ಟೇಟ್ ಅದೃಷ್ಟದಿಂದ ಗೆದ್ದಿತು ಎನ್ನುವವರಿಗೆ: ಪ್ಲೇಆಫ್‌ನಲ್ಲಿ ಅದು ಸೋಲಿಸಿದ ನಾಲ್ಕು ತಂಡಗಳು ಅದೇ ಪಟ್ಟಿಯಲ್ಲಿ ಕ್ರಮವಾಗಿ 7, 1, 3 ಮತ್ತು 5ನೆಯ ಸ್ಥಾನದವು, ಗೆಲುವಿನ ಅಂತರ 25, 20, 14 ಮತ್ತು 11 ಅಂಕ. ಒಂದು ಪಂದ್ಯ ಅದೃಷ್ಟದಿಂದ ಒಲಿಯಬಹುದು. ದೇಶದ ಅತ್ಯುತ್ತಮ ತಂಡಗಳಲ್ಲಿ ನಾಲ್ಕರ ಎದುರು ಒಟ್ಟು 145–75 ಅಂಕಗಳು ಅದೃಷ್ಟದಿಂದ ಬರುವುದಿಲ್ಲ.

ಎದುರುವಾದಿಗಳ ಮುಖ್ಯ ಮಾತು ಬೇರೆ. ಪ್ರತಿ ಶನಿವಾರವೂ ಜೀವನ್ಮರಣದ ಪ್ರಶ್ನೆಯಾಗಿದ್ದುದೇ ಈ ಆಟದ ಸೊಬಗು. ಸೋತರೂ ನಡೆಯುತ್ತದೆ ಎಂದಾದರೆ ನಿಯಮಿತ ಋತುವಿಗೆ ಬೆಲೆ ಎಲ್ಲಿ ಎನ್ನುತ್ತಾರೆ ಅವರು. ಈ ಮಾತಿಗೆ ತೂಕವಿದೆ, ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಮಿಷಿಗನ್ ಸೋಲಿನ ಬೆಲೆ ಕಡಿಮೆಯಾಯಿತೆಂದು ಒಹಾಯೊದಲ್ಲಿ ಯಾರೂ ಹೇಳುವುದಿಲ್ಲ. ಮಿಷಿಗನ್ನನ್ನು ಸೋಲಿಸಿದ ವರ್ಷ ಒಹಾಯೊ ಸ್ಟೇಟ್‌ನ ಆಟಗಾರರಿಗೆ ಪುಟ್ಟ ಚಿನ್ನದ ಚಡ್ಡಿಯ ಪದಕವೊಂದನ್ನು ಕೊಡುವ ಸಂಪ್ರದಾಯ 1934ರಿಂದ ಇದೆ. 2021ರಲ್ಲಿ ಸೇರಿದ ಸಾಯರ್, ಎಗ್ಬುಕಾ, ಟ್ರೆವಿಯಾನ್ ಹೆಂಡರ್ಸನ್ ಮೊದಲಾದವರು ನಾಲ್ಕು ವರ್ಷ ಆಡಿ, ರಾಷ್ಟ್ರೀಯ ಚಾಂಪಿಯನ್ನರ ಉಂಗುರ ತೊಟ್ಟು, ಆ ಪದಕ ಒಂದೂ ಇಲ್ಲದೆ ಕಾಲೇಜು ಬಿಟ್ಟರು. ಅಂದರೆ ಆ ಪಂದ್ಯಕ್ಕೆ ಅದರದ್ದೇ ಆದ ಶಿಕ್ಷೆ ಇದೆ, ಇಡೀ ಋತುವನ್ನೇ ಕಿತ್ತುಕೊಳ್ಳುವ ಇನ್ನೊಂದು ಶಿಕ್ಷೆಯನ್ನು ಅದಕ್ಕೆ ಸೇರಿಸಬೇಕಾಗಿಲ್ಲ. ಅಜೇಯರಾಗುವುದಕ್ಕೆ ಅರ್ಥವೇ ಹೋಯಿತೆಂಬ ಭಯವೂ ಒಂದೇ ವರ್ಷದಲ್ಲಿ ಕರಗಿತು: ಮರು ಋತುವಿನಲ್ಲಿ ಇಂಡಿಯಾನಾ 16 ಪಂದ್ಯ ಆಡಿ ಹದಿನಾರನ್ನೂ ಗೆದ್ದು ಚಾಂಪಿಯನ್ ಆಯಿತು. ಕನ್ನಡದ ಕ್ರಿಕೆಟ್ ಪ್ರೇಮಿಗಳಿಗೆ ಈ ತರ್ಕ ಹೊಸದೇನಲ್ಲ. 2023ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ತರಬೇತಿಯ ಭಾರತ ಸತತ 10 ಪಂದ್ಯ ಗೆದ್ದು ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಆ ಆಸ್ಟ್ರೇಲಿಯಾ ತನ್ನ ಮೊದಲ ಎರಡು ಪಂದ್ಯಗಳನ್ನು ಸೋತಿದ್ದ ತಂಡ. ಮೊದಲನೆಯದು ಚೆನ್ನೈಯಲ್ಲಿ ಕೆ.ಎಲ್. ರಾಹುಲ್ ಔಟಾಗದೆ 97 ಹೊಡೆದ ಪಂದ್ಯ. ಫೈನಲ್ ದಿನ ನಮಗೆಲ್ಲ ಸಂಕಟವಾಯಿತು ನಿಜ. ಆದರೆ ಎರಡು ಸೋತ ತಂಡವನ್ನು ಮೊದಲೇ ಹೊರಗಿಡಬೇಕಿತ್ತು ಎಂದು ನಮ್ಮಲ್ಲಿ ಯಾರೂ ವಾದಿಸಲಿಲ್ಲ.

ಒರೆಗಾನ್‌ಗೆ ಅನ್ಯಾಯವಾಯಿತೆಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಅಜೇಯವಾಗಿ ಮೊದಲ ಸ್ಥಾನ ಪಡೆದ ತಂಡಕ್ಕೆ ಕ್ವಾರ್ಟರ್‌ಫೈನಲ್‌ನಲ್ಲೇ ಇಷ್ಟು ಬಲವಾದ ಎದುರಾಳಿ ಸಿಗಬಾರದಿತ್ತು. ಶ್ರೇಯಾಂಕದಲ್ಲಿ ಒಂಬತ್ತು ಮತ್ತು ಹನ್ನೆರಡನೆಯದಾಗಿದ್ದ ಬಾಯ್ಸಿ ಸ್ಟೇಟ್, ಅರಿಜೋನಾ ಸ್ಟೇಟ್ ತಂಡಗಳಿಗೆ ಒಕ್ಕೂಟ ಗೆದ್ದ ಕಾರಣಕ್ಕೆ ವಿರಾಮ ಸಿಕ್ಕಿ, ಅವುಗಳಿಗಿಂತ ಮೇಲಿನವು ಕೆಳಗೆ ಸರಿದದ್ದರಿಂದ ಹೀಗಾಯಿತು. ವಿರಾಮ ಪಡೆದ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು. ಇದು ಜೋಡಿಸುವ ಕ್ರಮದ ದೋಷ, 12 ತಂಡಗಳನ್ನು ಕರೆದದ್ದರ ದೋಷವಲ್ಲ. 2025ರಿಂದ ಶ್ರೇಯಾಂಕದ ಪ್ರಕಾರವೇ ಸ್ಥಾನ ಕೊಡುವಂತೆ ಅದನ್ನು ತಿದ್ದಿಯೂ ಆಯಿತು.

ಇನ್ನು ದುಡ್ಡಿನ ಮಾತು. ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಸಂಪಾದಿಸಲು 2021ರ ಜುಲೈನಿಂದ ಅವಕಾಶವಿದೆ. ಒಹಾಯೊ ಸ್ಟೇಟ್‌ನ ಈ ತಂಡಕ್ಕೆ ಹೀಗೆ ಹರಿದದ್ದು ಸುಮಾರು 2 ಕೋಟಿ ಡಾಲರ್ ಎಂದು ಅಲ್ಲಿನ ಕ್ರೀಡಾ ನಿರ್ದೇಶಕ ರಾಸ್ ಬ್ಯೋರ್ಕ್ ಅವರೇ ಹೇಳಿದ್ದರು. ಹೊವಾರ್ಡ್ ಬಂದದ್ದು ಕ್ಯಾನ್ಸಸ್ ಸ್ಟೇಟ್‌ನಿಂದ, ಕೇಲೆಬ್ ಡೌನ್ಸ್ ಅಲಬಾಮಾದಿಂದ, ಕ್ವಿನ್ಶಾನ್ ಜಡ್ಕಿನ್ಸ್ ಮಿಸಿಸಿಪಿಯಿಂದ. ಹಾಗಾಗಿ ಇದು ಕೊಂಡುಕೊಂಡ ಕಿರೀಟ ಎಂದವರಿದ್ದಾರೆ. ಹಣ ಮುಖ್ಯ ಎಂಬುದನ್ನು ಅಲ್ಲಗಳೆಯಲಾಗದು. ಈ ತಂಡದ 14 ಜನರನ್ನು ಮರು ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಆರಿಸಿಕೊಂಡವು. ಅಂಥ ಪ್ರತಿಭೆ ಬಡ ಕಾಲೇಜಿನಲ್ಲಿ ಒಟ್ಟುಗೂಡುವುದಿಲ್ಲ. ಆದರೆ ಆ 2 ಕೋಟಿ ಡಾಲರ್ ನವೆಂಬರ್ 30ರಂದೂ ಅದೇ ಮೈದಾನದಲ್ಲಿತ್ತು, 10 ಅಂಕವಷ್ಟೇ ತಂದುಕೊಟ್ಟಿತು. ಮೂರು ವಾರದಲ್ಲಿ ಬದಲಾದದ್ದು ಸಂಬಳವಲ್ಲ, ಆಟದ ಯೋಜನೆ. ಮೇಲಾಗಿ, ಹಿಂದಿನ ವರ್ಷವೇ ವೃತ್ತಿಪರ ಆಟಕ್ಕೆ ಹೋಗಬಹುದಾಗಿದ್ದ ಸಾಯರ್, ಎಗ್ಬುಕಾ, ಹೆಂಡರ್ಸನ್ ಅವರಂಥವರು ಇನ್ನೊಂದು ವರ್ಷ ಕಾಲೇಜಿನಲ್ಲಿ ಉಳಿಯಲು ಈ ಹಣವೂ ನೆರವಾಯಿತು. ದಶಕಗಳ ಕಾಲ ಕೋಚ್‌ಗಳಿಗೂ ಟಿ.ವಿ. ವಾಹಿನಿಗಳಿಗೂ ಹೋಗುತ್ತಿದ್ದ ದುಡ್ಡಿನಲ್ಲಿ ಒಂದು ಪಾಲು ಈಗ ಆಡುವ ಹುಡುಗರಿಗೂ ಸಿಗುತ್ತಿದ್ದರೆ ನನಗದು ದೋಷವಾಗಿ ಕಾಣುವುದಿಲ್ಲ.

ನನ್ನ ವಾದಕ್ಕೆ ನಿಜವಾಗಿ ಅಡ್ಡಬರುವುದು ಆಟಗಾರರ ಮೈ. ಒಹಾಯೊ ಸ್ಟೇಟ್ ಆಗಸ್ಟ್‌ನಿಂದ ಜನವರಿವರೆಗೆ 16 ಪಂದ್ಯ ಆಡಿತು. ಫೈನಲ್ ಆಡಿದ ನೋಟರ್ ಡೇಮ್ ಕೂಡ ಅಷ್ಟೇ. ಇದು ತಲೆಗೆ, ಮೊಣಕಾಲಿಗೆ ಪೆಟ್ಟು ಬೀಳುವ ಆಟ, ಆಡುವವರು ಇಪ್ಪತ್ತರ ಆಸುಪಾಸಿನವರು, ಹೆಸರಿಗಾದರೂ ತರಗತಿಗೆ ಹೋಗಬೇಕಾದವರು. ಬಹುಪಾಲು ಹುಡುಗರಿಗೆ ವೃತ್ತಿಪರ ಆಟದ ಬಾಗಿಲು ತೆರೆಯುವುದೇ ಇಲ್ಲ. ಅವರ ಪಾಲಿಗೆ ಉಳಿಯುವುದು ಪದವಿ ಮತ್ತು ಆ ಗಾಯಗಳು. ಸೋತವರಿಗೆ ಇನ್ನೊಂದು ಅವಕಾಶ ಕೊಡಬೇಕೆಂಬುದು ಸರಿ, ಆದರೆ ಆ ಅವಕಾಶದ ಖರ್ಚು ಆಟಗಾರರ ಮೈಮೇಲೆ ಬೀಳಬಾರದು. ಪ್ಲೇಆಫ್ ತಂಡಗಳ ಸಂಖ್ಯೆಯನ್ನು ಇನ್ನೂ ಏರಿಸುವ ಮಾತು ಅಲ್ಲಿ ನಡೆಯುತ್ತಲೇ ಇದೆ. ಹಾಗೆ ಏರಿಸುವುದಾದರೆ, ಅದಕ್ಕೆ ಮೊದಲು ನಿಯಮಿತ ಋತುವಿನ 12 ಪಂದ್ಯಗಳಿಂದ 52–6, 56–0 ಎಂದು ಮುಗಿಯುವ ಒಂದೆರಡನ್ನು ಕೈಬಿಡಬೇಕು.